ಕಳೆದುಹೋದ ಪೊಟ್ಟಣ ಹೇಳುವ ಸುದ್ದಿ

ಬೆಂಗಳೂರಿನ ಬಡಾವಣೆಗಳಲ್ಲಿ ಮರದಿಂದ ಕಂಬಕ್ಕೆ, ಕಂಬದಿಂದ ಮಹಡಿಗೆ ತೂಗುವ ಕಪ್ಪು ಕೇಬಲ್‌ಗಳಲ್ಲಿ ಒಂದು ತಮ್ಮ ಮನೆಗೆಂದೇ ಮೀಸಲಾಗಿ ಅಂತರಜಾಲದವರೆಗೂ ಹೋಗುತ್ತದೆ ಎಂದು ನಂಬಿದವರು ಬಹಳ ಮಂದಿ. ‘ನೂರು ಎಂಬಿಪಿಎಸ್‌ಗೆ ದುಡ್ಡು ಕಟ್ಟಿದ್ದೇನೆ, ರಾತ್ರಿ ಒಂಬತ್ತಕ್ಕೆ ಯಾಕೆ ಬರುವುದಿಲ್ಲ?’ ಎಂಬ ಸಿಟ್ಟಿನ ಬೇರು ಇರುವುದು ಈ ನಂಬಿಕೆಯಲ್ಲೇ. ಸಿಟ್ಟು ಎಷ್ಟೋ ಸಲ ನ್ಯಾಯವಾದದ್ದು. ನಂಬಿಕೆ ಮಾತ್ರ ತಪ್ಪು.

ಈಗ ಮನೆಗಳಿಗೆ ಬರುವ ಫೈಬರ್ ಜಾಲಗಳಲ್ಲಿ ವ್ಯಾಪಕವಾಗಿರುವ ಜಿಪಾನ್ ಪದ್ಧತಿಯಲ್ಲಿ, ಒಂದೇ ಗಾಜಿನ ಎಳೆಯಲ್ಲಿ ಸೆಕೆಂಡಿಗೆ ಸುಮಾರು 2,488 ಮೆಗಾಬಿಟ್ ಹರಿದು ಬರುತ್ತದೆ. ವಿದ್ಯುತ್ತೇ ಬೇಡದ ಸ್ಪ್ಲಿಟರ್ ಎಂಬ ಪುಟ್ಟ ಸಾಧನ ಆ ಬೆಳಕನ್ನು ದಾರಿಯಲ್ಲಿ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಪಕ್ಕದ ಮನೆಯವರ ದತ್ತಾಂಶವೂ ಗೂಢಲಿಪಿಯಲ್ಲಿ ನಿಮ್ಮ ಪೆಟ್ಟಿಗೆಯವರೆಗೆ ಬರುತ್ತದೆ, ಪೆಟ್ಟಿಗೆ ನಿಮ್ಮ ಪಾಲನ್ನಷ್ಟೇ ಆರಿಸಿಕೊಳ್ಳುತ್ತದೆ. 64 ಮನೆಗಳಿಗೆ ನೂರು ನೂರರಂತೆ ಮಾರಿದರೆ 6,400 ಆಯಿತಲ್ಲ, ಇದು ಮೋಸವಲ್ಲವೇ ಎಂದರೆ, ಅಲ್ಲ. ಪುಟವೊಂದನ್ನು ತೆರೆದು ನೀವು ಓದುತ್ತಿರುವಷ್ಟು ಹೊತ್ತು ನಿಮ್ಮ ಪಾಲಿನ ದಾರಿ ಖಾಲಿ ಬಿದ್ದಿರುತ್ತದೆ. ಎಲ್ಲರೂ ಒಂದೇ ಕ್ಷಣಕ್ಕೆ ಪೂರ್ತಿ ವೇಗ ಬೇಡುವುದು ಅಪರೂಪ. ಟೆಲಿಫೋನ್ ಕರೆಗಳು ಯಾವಾಗೆಂದರೆ ಆವಾಗ ಬರುವಂತೆ ಕಂಡರೂ ಅವುಗಳ ಸಂಖ್ಯೆ ಸಂಭವನೀಯತೆಯ ನಿಯಮಕ್ಕೆ ಒಳಪಟ್ಟಿದೆ ಎಂದು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎರ್ಲಾಂಗ್ 1909ರಲ್ಲೇ ತೋರಿಸಿದ್ದರು. ಹಂಚಿಕೆಯ ಲೆಕ್ಕಾಚಾರ ಅಷ್ಟು ಹಳೆಯದು.

ಆದರೆ ಟೆಲಿಫೋನಿನಲ್ಲಿ ಮಾತು ಮುಗಿಯುವವರೆಗೆ ದಾರಿ ಇಬ್ಬರಿಗೇ ಮೀಸಲು. 1960ರ ದಶಕದಲ್ಲಿ ಅಮೆರಿಕದ ಪಾಲ್ ಬರಾನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಪರಸ್ಪರ ತಿಳಿಯದೆಯೇ ಈ ಮೀಸಲಾತಿಯನ್ನು ಕಿತ್ತುಹಾಕುವ ಯೋಚನೆ ಮಾಡಿದರು: ಸಂದೇಶವನ್ನು ತುಂಡರಿಸಿ, ಪ್ರತಿ ತುಂಡಿನ ಮೇಲೂ ವಿಳಾಸ ಬರೆದು, ಎಲ್ಲರ ತುಂಡುಗಳನ್ನೂ ಒಂದೇ ದಾರಿಯಲ್ಲಿ ಬೆರೆಸಿ ಬಿಡುವುದು. ಅದಕ್ಕೆ ಪ್ಯಾಕೆಟ್, ಅಂದರೆ ಪೊಟ್ಟಣ, ಎಂಬ ಹೆಸರಿಟ್ಟವರು ಡೇವಿಸ್. ಇಂದು ಪೊಟ್ಟಣವೊಂದು ಸಾಮಾನ್ಯವಾಗಿ 1,500 ಬೈಟ್‌ಗಳನ್ನು ಮೀರುವುದಿಲ್ಲವಾದ್ದರಿಂದ, ಮೂರು ಮೆಗಾಬೈಟ್‌ನ ಫೋಟೊ ಎರಡು ಸಾವಿರಕ್ಕೂ ಹೆಚ್ಚು ಪೊಟ್ಟಣಗಳಾಗಿ ಹೊರಡುತ್ತದೆ.

ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಮುಂದಿನ ಭಾಗ. ಪೊಟ್ಟಣಗಳನ್ನು ವಿಳಾಸ ನೋಡಿ ಮುಂದಕ್ಕೆ ಸಾಗಿಸುವ, ದಾರಿಯ ರೂಟರ್ ಎಂಬ ಯಂತ್ರದಲ್ಲಿ ಸರದಿ ತುಂಬಿದರೆ, ಹೊಸದಾಗಿ ಬಂದ ಪೊಟ್ಟಣವನ್ನು ಅದು ಯಾರಿಗೂ ಹೇಳದೆ ಎಸೆದುಬಿಡುತ್ತದೆ. ಎಸೆದದ್ದನ್ನು ಮತ್ತೆ ಕಳಿಸಿದರಾಯಿತು ಎಂದುಕೊಂಡರೆ ಏನಾಗುತ್ತದೆ ಎಂಬುದು 1986ರಲ್ಲಿ, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುಗೊಂಡಿದ್ದ, ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ಅರ್ನೆಟ್ ಜಾಲದ ಯೋಜನೆ ಇಲ್ಲಿ ಆರಂಭವಾದ ವರ್ಷದಲ್ಲೇ, ಕ್ಯಾಲಿಫೋರ್ನಿಯಾದಲ್ಲಿ ಗೊತ್ತಾಯಿತು. ಕೇವಲ 400 ಗಜ ದೂರದ ಎರಡು ಸಂಸ್ಥೆಗಳ ನಡುವೆ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಎಲ್ಲರೂ ಕಳೆದದ್ದನ್ನೇ ಮತ್ತೆ ಮತ್ತೆ ಕಳಿಸಿ ದಾರಿಯನ್ನು ಕಟ್ಟಿಹಾಕಿದ್ದರು.

ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದಲ್ಲಿ, ಕಳೆದುಹೋದ ಪೊಟ್ಟಣವೇ ದಾರಿ ತುಂಬಿದೆ ಎಂಬ ಸುದ್ದಿ. ಕಳಿಸುವ ಯಂತ್ರ ತನ್ನ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತದೆ. ಒಂದು ಪೊಟ್ಟಣ ಕಳೆದರೆ ಥಟ್ಟನೆ ಅರ್ಧಕ್ಕೆ ಇಳಿಸುತ್ತದೆ. ಒಲೆಯ ಮೇಲೆ ಹಾಲಿಟ್ಟವರು ಉರಿಯನ್ನು ಮೆಲ್ಲಗೆ ಏರಿಸಿ, ಉಕ್ಕಿ ಬಂದ ಕೂಡಲೇ ತಗ್ಗಿಸುವಂತೆ. ದರ್ಶಿನಿಯ ಗಲ್ಲಾದಲ್ಲಿ ಕುಳಿತವರು ಅಡುಗೆಮನೆಗೆ ಇಣುಕದೆ, ಖಾಲಿ ತಟ್ಟೆಗಳು ಮರಳುವ ವೇಗ ನೋಡಿಯೇ ಟೋಕನ್ ಕೊಡುವಂತೆ. ಇಲ್ಲಿ ಮರಳುವ ತಟ್ಟೆಯೆಂದರೆ ಪೊಟ್ಟಣ ಪಡೆದ ಯಂತ್ರ ಹಿಂದಕ್ಕೆ ಕಳಿಸುವ ‘ತಲುಪಿತು’ ಎಂಬ ರಸೀದಿ; ಅದು ಬಾರದಿದ್ದರೆ ಪೊಟ್ಟಣ ಕಳೆದಿದೆ ಎಂದರ್ಥ.

ಈ ನಡವಳಿಕೆಯಿಂದ ನ್ಯಾಯವೂ ಹುಟ್ಟುತ್ತದೆ, ಲೆಕ್ಕ ಹಾಕಿ ನೋಡಿ. ನೂರರ ದಾರಿಯಲ್ಲಿ ಒಬ್ಬರು 80, ಇನ್ನೊಬ್ಬರು 20 ಬಳಸುತ್ತಿದ್ದಾರೆ. ದಾರಿ ತುಂಬಿ ಇಬ್ಬರೂ ಅರ್ಧಕ್ಕಿಳಿದರೆ 40 ಮತ್ತು 10. ಮತ್ತೆ ಇಬ್ಬರೂ ಸಮವಾಗಿ ಏರಿದರೆ 65 ಮತ್ತು 35ಕ್ಕೆ ದಾರಿ ತುಂಬುತ್ತದೆ. ಇನ್ನೊಂದು ಸುತ್ತಿಗೆ 57.5 ಮತ್ತು 42.5. ಅರವತ್ತಿದ್ದ ಅಂತರ ಮೂವತ್ತಾಯಿತು, ಹದಿನೈದಾಯಿತು. ಯಾವ ಪೊಲೀಸೂ ಇಲ್ಲದೆ, ಒಬ್ಬರ ಮುಖ ಇನ್ನೊಬ್ಬರು ಕಾಣದೆ, ಇಬ್ಬರೂ ಸಮಪಾಲಿನತ್ತ ಬರುತ್ತಾರೆ. ಇಂದಿನ ಕ್ರಮವಿಧಿಗಳು ಏರಿಸುವ, ಇಳಿಸುವ ಪ್ರಮಾಣವನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿವೆ.

ಹಾಗಾಗಿ ಪೊಟ್ಟಣ ಕಳೆಯಲೇಬಾರದೆಂದು ರೂಟರ್‌ಗಳಲ್ಲಿ ಸರದಿಯ ಜಾಗವನ್ನು ಬೇಕಾಬಿಟ್ಟಿ ದೊಡ್ಡದು ಮಾಡುವುದು ಒಳ್ಳೆಯದೆಂಬ ಎಣಿಕೆಯೂ ತಪ್ಪೇ. ಸರದಿ ಉದ್ದವಾದಷ್ಟೂ ‘ತುಂಬಿದೆ’ ಎಂಬ ಸುದ್ದಿ ತಡವಾಗುತ್ತದೆ. ಮನೆಯಲ್ಲಿ ಒಬ್ಬರು ಫೋಟೊಗಳನ್ನು ಮೇಲೇರಿಸುತ್ತಿದ್ದರೆ, ಇನ್ನೊಬ್ಬರ ವಿಡಿಯೊ ಕರೆಯ ಪೊಟ್ಟಣಗಳು ಅವುಗಳ ಹಿಂದೆ ಕಾಯುತ್ತಾ ಮಾತು ಕಡಿದುಹೋಗುತ್ತದೆ. 2012ರಲ್ಲಿ ಕ್ಯಾಥ್ಲೀನ್ ನಿಕೊಲ್ಸ್ ಜೊತೆ ಸೇರಿ ಅದೇ ಜೇಕಬ್‌ಸನ್ ಇದಕ್ಕೂ ಮದ್ದು ಕೊಟ್ಟರು: ಪೊಟ್ಟಣಗಳು ಸರದಿಯಲ್ಲಿ ಕಾಯುವ ಸಮಯ 100 ಮಿಲಿಸೆಕೆಂಡಿನಷ್ಟು ಕಾಲ ಸತತವಾಗಿ 5 ಮಿಲಿಸೆಕೆಂಡಿಗಿಂತ ಹೆಚ್ಚಾಗಿಯೇ ಉಳಿದರೆ, ಜಾಗ ಇನ್ನೂ ಇದ್ದರೂ ರೂಟರ್ ಒಂದು ಪೊಟ್ಟಣವನ್ನು ಬೇಕೆಂದೇ ಎಸೆಯುತ್ತದೆ.