ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆ ಚೀಲವೂ ಜೊತೆಗಿರಲಿ

ನೀವು ನುಂಗುವ ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ನೋಡಿದವರು ಯಾರು? ಹೃದಯದ ಡಾಕ್ಟರು ತಾವು ಬರೆದದ್ದನ್ನು ನೋಡಿರುತ್ತಾರೆ, ಮಂಡಿನೋವಿಗೆ ನೋಡುವವರು ತಮ್ಮದನ್ನು. ಔಷಧಿ ಅಂಗಡಿಯವರ ಕಣ್ಣಿಗೆ ಬೀಳುವುದು ಅವತ್ತಿನ ಚೀಟಿ ಮಾತ್ರ. ಎಲ್ಲವೂ ಒಂದು ಕಡೆ ಸೇರುವುದು ನಿಮ್ಮ ಮನೆಯಲ್ಲೇ. ಹಾಗಾಗಿ ಫಾರ್ಮಸಿಸ್ಟ್ ಆಗಿ ನಾನು ಮೊದಲು ಕೇಳುವುದು, "ಚೀಲ ತಂದಿದ್ದೀರಾ?"

ಆ ಚೀಲ ಮೇಜಿನ ಮೇಲೆ ಸುರಿದಾಗ ಪದೇ ಪದೇ ಕಾಣುವ ಒಂದು ತಪ್ಪಿದೆ. ಎರಡು ಸ್ಟ್ರಿಪ್. ಬಣ್ಣ ಬೇರೆ, ಕಂಪನಿ ಬೇರೆ, ದೊಡ್ಡಕ್ಷರದ ಹೆಸರೂ ಬೇರೆ. ಕೆಳಗಿನ ಸಣ್ಣಕ್ಷರ ಓದಿದರೆ ಎರಡರಲ್ಲೂ ಇರುವುದು ಆಮ್ಲೋಡಿಪಿನ್, ಅಂದರೆ ಒಂದೇ ಬಿಪಿ ಮಾತ್ರೆ. ಒಂದು ಹಳೆಯದು, ಇನ್ನೊಂದು ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದಾಗ ಕೊಟ್ಟದ್ದು. ಎರಡನ್ನೂ ತಗೊಂಡರೆ ತಲೆಸುತ್ತು ಬರಬಹುದು, ಪಾದ ಊದಬಹುದು. ಊತಕ್ಕೆ ಅಂತ ಬೇರೆಯವರ ಹತ್ತಿರ ಹೋದರೆ ಮೂತ್ರ ಜಾಸ್ತಿ ಹೋಗುವ ಮಾತ್ರೆಯೊಂದು ಸೇರಿಕೊಳ್ಳುತ್ತದೆ. ಒಂದು ತಪ್ಪಿಗೆ ಇನ್ನೊಂದು ಔಷಧಿ!

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗುವ ಹಾನಿ ತಗ್ಗಿಸಲು ಅಭಿಯಾನ ಶುರು ಮಾಡಿದಾಗ ವಿಶೇಷವಾಗಿ ಗಮನ ಕೊಟ್ಟ ಮೂರು ವಿಷಯಗಳಲ್ಲಿ ಇಂಥ ಸಮಯವೂ ಒಂದು. ರೋಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಸಮಯ. ಡಿಸ್ಚಾರ್ಜ್ ದಿನ ಬಿಲ್ಲಿನ ಗಡಿಬಿಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: "ನನ್ನ ಹಳೆಯ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು?" ಹೊಸದರ ಬಗ್ಗೆ ಎಲ್ಲರೂ ಹೇಳುತ್ತಾರೆ. ಹಳೆಯದರ ಬಗ್ಗೆ ನೀವೇ ಕೇಳಬೇಕು.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವ ಮಾತ್ರೆ ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ಇದನ್ನು ಕೊಡುವುದು ವಾರಕ್ಕೆ ಒಂದೇ ದಿನ. ಮಾತ್ರೆ ಅಂದರೆ ದಿನಾ ನುಂಗುವುದು ಎಂಬ ಅಭ್ಯಾಸ ನಮಗೆ. ದಿನಾ ನುಂಗಿದರೆ ಬಾಯಿತುಂಬ ಹುಣ್ಣಾಗುತ್ತದೆ, ರಕ್ತಕಣ ಕುಸಿಯುತ್ತದೆ, ಜೀವಕ್ಕೇ ಕುತ್ತು ಬರುತ್ತದೆ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಕೂಡ ಸಾಮಾನ್ಯವಾಗಿ ಅದೇ ಥರದ ಪುಟ್ಟ ಹಳದಿ ಮಾತ್ರೆ. ಅದಲುಬದಲಾಗಲು ಎಷ್ಟು ಹೊತ್ತು ಬೇಕು? ವಾರದ ಯಾವ ದಿನ ಅಂತ ಡಾಕ್ಟರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. "ಸೋಮವಾರ ಮಾತ್ರ" ಅಂತ ಸ್ಟ್ರಿಪ್ ಮೇಲೂ ದಪ್ಪ ಪೆನ್ನಿನಲ್ಲಿ ಬರೆದಿಡಿ.

ಮಕ್ಕಳ ಜ್ವರದ ಔಷಧಿಯಲ್ಲಿ ಮೋಸ ಮಾಡುವುದು ಎಂಎಲ್ ಲೆಕ್ಕ. ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 120 ಮಿಲಿಗ್ರಾಂ ಇರಬಹುದು, 250 ಕೂಡ ಇರಬಹುದು. ಹಸುಗೂಸಿನ ಡ್ರಾಪ್ಸ್‌ನಲ್ಲಿ 1 ಎಂಎಲ್‌ನಲ್ಲೇ 100 ಮಿಲಿಗ್ರಾಂ ಇರುವುದುಂಟು. 120ರ ಸಿರಪ್ ಎಂದುಕೊಂಡು ಆ ಡ್ರಾಪ್ಸನ್ನೇ 5 ಎಂಎಲ್ ಹಾಕಿದರೆ ನಾಲ್ಕು ಪಟ್ಟಿಗೂ ಜಾಸ್ತಿ ಹೋಗುತ್ತದೆ. ಬಾಟಲಿ ಬದಲಾದಾಗಲೆಲ್ಲ ಲೇಬಲ್ ಓದಿ, ಅದರ ಜೊತೆ ಬಂದ ಅಳತೆಯಲ್ಲೇ ಹಾಕಿ. ಅಡುಗೆಮನೆ ಚಮಚ ಬೇಡ. ದೊಡ್ಡವರೂ ಗಮನಿಸಿ, ನೆಗಡಿ ಮಾತ್ರೆಗಳಲ್ಲೂ ಬಹಳಷ್ಟು ಸಲ ಪ್ಯಾರಾಸಿಟಮಾಲ್ ಇರುತ್ತದೆ.

"ಹೀಗೆಲ್ಲ ಕೇಳಿದರೆ ಡಾಕ್ಟರಿಗೆ ಸಿಟ್ಟು ಬರಲ್ವಾ?" ಅಂತ ಕೇಳುವವರಿದ್ದಾರೆ. ಕೆಲವರಿಗೆ ಬರಬಹುದು, ಬರಲಿ ಬಿಡಿ. "ಇದು ಯಾವುದಕ್ಕೆ? ಎಷ್ಟು ದಿನ? ಈಗ ತಗೊಳ್ಳುತ್ತಿರುವುದರ ಜೊತೆ ನಡೆಯುತ್ತಾ?" ಇಷ್ಟಕ್ಕೆ ಒಂದು ನಿಮಿಷ ಸಾಕು. ಕೇಳಿಸಿಕೊಂಡದ್ದನ್ನು ನಿಮ್ಮ ಮಾತಲ್ಲಿ ತಿರುಗಿ ಹೇಳಿ. ತಪ್ಪಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಅಲರ್ಜಿ ಇದ್ದರೆ ಕೇಳದಿದ್ದರೂ ಹೇಳಿ. ನಾಟಿ ಔಷಧಿ, ವಿಟಮಿನ್ ತಗೊಳ್ಳುತ್ತಿದ್ದರೆ ಅದನ್ನೂ.

ಇಷ್ಟೆಲ್ಲ ಓದಿ ಅನುಮಾನ ಬಂತು ಅಂತ ಯಾವುದನ್ನೂ ನೀವೇ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆ ದಿಢೀರನೆ ಬಿಟ್ಟರೆ ಫಿಟ್ಸ್ ಮರುಕಳಿಸಬಹುದು. ಬಹಳ ದಿನ ತಗೊಂಡ ಸ್ಟೀರಾಯ್ಡ್ ಬಿಟ್ಟರೆ ಬಿಪಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೊದಲು ಡಾಕ್ಟರಿಗೋ ಫಾರ್ಮಸಿಸ್ಟಿಗೋ ಫೋನ್ ಮಾಡಿ, ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿ.