38 ಮಿಲಿಮೀಟರ್ ಕಮ್ಮಿ, ಖುಷಿ ಜಾಸ್ತಿ

ಗಿಟಾರ್‌ನ ತಂತಿ ಒಂದು ಕಡೆ ಕತ್ತಿನ ತುದಿಯ ನಟ್ ಮೇಲೆ, ಇನ್ನೊಂದು ಕಡೆ ಒಡಲಿನ ಬ್ರಿಡ್ಜ್ ಮೇಲೆ ಒರಗಿರುತ್ತದೆ. ಮೀಟಿದಾಗ ಅದುರುವುದು ಇವೆರಡರ ನಡುವಿನ ಭಾಗ ಮಾತ್ರ. ಆ ಉದ್ದಕ್ಕೆ ಸ್ಕೇಲ್ ಅನ್ನುತ್ತಾರೆ. ಫೆಂಡರ್ ಸ್ಟ್ರಾಟೊಕಾಸ್ಟರ್‌ನಲ್ಲಿ ಅದು 25.5 ಇಂಚು, ಅಂದರೆ 648 ಮಿ.ಮೀ. ಗಿಬ್ಸನ್ ಲೆಸ್ ಪಾಲ್‌ನಲ್ಲಿ ಹೇಳಿಕೆಗೆ 24.75 ಇಂಚು. ಬಹಳ ಕಾಲ ಆಸೆಪಟ್ಟು, ಕೊನೆಗೂ ನನ್ನ ತೊಡೆಯ ಮೇಲೆ ಬಂದು ಕೂತಿರುವ ಎಲೆಕ್ಟ್ರಿಕ್ ಗಿಟಾರ್‌ನದು 24 ಇಂಚು. 610 ಮಿ.ಮೀ. ಸ್ಟ್ರಾಟ್‌ಗೂ ಇದಕ್ಕೂ ಇರುವ ವ್ಯತ್ಯಾಸ 38 ಮಿ.ಮೀ. ಅಷ್ಟೆ. ಗೋಡೆಗೆ ಒರಗಿಸಿಟ್ಟರೆ ಯಾವುದು ಗಿಡ್ಡ ಅಂತ ಎರಡು ಸಲ ನೋಡಬೇಕು. ಕೈಗೆ ಮಾತ್ರ ಹಲವು ಸ್ವರ ಒಟ್ಟಿಗೆ ನುಡಿಸುವ ಮೊದಲ ಕಾರ್ಡ್‌ನಲ್ಲೇ ಗೊತ್ತಾಗಿಬಿಡುತ್ತದೆ.

ಉದ್ದದಲ್ಲಿ ಕಮ್ಮಿಯಾಗಿರುವುದು ಬರೀ ಶೇ. 6. ಇಷ್ಟಕ್ಕೆ ಇಷ್ಟೊಂದು ಖುಷಿ ಎಲ್ಲಿಂದ ಬಂತು? ಹೊಸದರ ಹುರುಪು ಸ್ವಲ್ಪ ಇದೆ, ಇಲ್ಲ ಅನ್ನಲ್ಲ. ಆದರೆ ಬಹುಪಾಲು ಖುಷಿಗೆ ಪಕ್ಕಾ ಲೆಕ್ಕ ಇದೆ. ಅದೂ ನಾಲ್ಕು ಶತಮಾನಕ್ಕಿಂತ ಹಳೆಯ ಲೆಕ್ಕ.

ಶುರು ಮಾಡಿದ್ದು ವಿನ್ಸೆಂಜೊ ಗೆಲಿಲಿ. ಖಗೋಳ ವಿಜ್ಞಾನಿ ಗೆಲಿಲಿಯೊನ ಅಪ್ಪ. ಲ್ಯೂಟ್ ಅನ್ನುವ ತಂತಿವಾದ್ಯ ನುಡಿಸುತ್ತಿದ್ದರು, ಸಂಗೀತದ ಬಗ್ಗೆ ಬರೆಯುತ್ತಿದ್ದರು. ತಂತಿಗೆ ತೂಗುಹಾಕಿದ ಭಾರವನ್ನು ಎರಡು ಪಟ್ಟು ಮಾಡಿದರೆ ಸ್ವರ ಒಂದು ಪೂರ್ತಿ ಸ್ಥಾಯಿ ಮೇಲೇರುತ್ತದೆ ಅಂತ ಪೈಥಾಗೊರಸ್‌ನ ಹೆಸರಿನಲ್ಲಿ ಒಂದು ಮಾತು ಶತಮಾನಗಳಿಂದ ನಡೆದು ಬಂದಿತ್ತು. ಯಾರೂ ತೂಗಿ ನೋಡುವ ಗೋಜಿಗೆ ಹೋದಂತಿಲ್ಲ. ವಿನ್ಸೆಂಜೊ ತೂಗಿ ನೋಡಿದರು. ಎರಡು ಪಟ್ಟು ಸಾಲದು, ನಾಲ್ಕು ಪಟ್ಟು ಬೇಕು. ಅಂದರೆ ಸ್ವರ ಏರುವುದು ಬಿಗಿತದ ವರ್ಗಮೂಲದ ಲೆಕ್ಕದಲ್ಲಿ. 1589ರಲ್ಲಿ ಅವರು ಇದನ್ನು ಬರೆದರು. 1636ರಲ್ಲಿ ಫ್ರಾನ್ಸಿನ ಪಾದ್ರಿ ಮರೇನ್ ಮರ್ಸೆನ್ ಉದ್ದ, ಬಿಗಿತ, ತೂಕ ಮೂರನ್ನೂ ಸೇರಿಸಿ ನಿಯಮ ಮಾಡಿದರು. ತಂತಿ ಗಿಡ್ಡವಾದಷ್ಟೂ ಸ್ವರ ಮೇಲೆ. ಬಿಗಿಯಾದಷ್ಟೂ ಮೇಲೆ. ಭಾರವಾದಷ್ಟೂ ಕೆಳಗೆ.

ಇದೇ ನಿಯಮವನ್ನು ಈಗ ತಿರುಗಿಸಿ ನೋಡಿ. ತಂತಿ ಅದೇ, ಬೇಕಾದ ಸ್ವರವೂ ಅದೇ, ಉದ್ದ ಮಾತ್ರ ಕಮ್ಮಿ. ಆಗ ಬೇಕಾಗುವ ಬಿಗಿತ ಉದ್ದದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಉದ್ದ ಶೇ. 6 ಇಳಿದರೆ ಬಿಗಿತ ಶೇ. 11 ಇಳಿಯುತ್ತದೆ. ಎಲ್ಲಕ್ಕಿಂತ ಸಣ್ಣ ತಂತಿಯನ್ನೇ ತೆಗೆದುಕೊಳ್ಳಿ. 0.010 ಇಂಚು ದಪ್ಪದ ಉಕ್ಕು, ಸೆಕೆಂಡಿಗೆ ಸುಮಾರು 330 ಸಲ ಅದುರಬೇಕು. ಸ್ಟ್ರಾಟ್‌ನಲ್ಲಿ ಅದನ್ನು ಹೆಚ್ಚುಕಮ್ಮಿ 7.4 ಕಿಲೋ ಭಾರದಷ್ಟು ಎಳೆದು ಕಟ್ಟಬೇಕು. ನನ್ನದರಲ್ಲಿ 6.5 ಕಿಲೋ ಸಾಕು. ಆರೂ ತಂತಿ ಸೇರಿಸಿದರೆ ಸುಮಾರು 46 ಕಿಲೋ ಇದ್ದದ್ದು 41ಕ್ಕೆ ಬರುತ್ತದೆ. ತೋರುಬೆರಳಿನಿಂದ ಎಲ್ಲ ತಂತಿ ಒತ್ತುವ ಬ್ಯಾರೆ ಕಾರ್ಡ್ ಹಿಡಿದು ಬೆರಳು ನೋಯಿಸಿಕೊಂಡವರಿಗೆ ಈ 5 ಕಿಲೋದ ಬೆಲೆ ಬಿಡಿಸಿ ಹೇಳಬೇಕಿಲ್ಲ.

ನಿಜವಾದ ಮಜಾ ಇರೋದು ಬೆಂಡ್‌ನಲ್ಲಿ. ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರವನ್ನು ಎರಡು ಫ್ರೆಟ್‌ನಷ್ಟು (ಫ್ರೆಟ್ ಅಂದರೆ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ) ಏರಿಸಬೇಕು ಅಂದುಕೊಳ್ಳಿ. ಅದಕ್ಕೆ ಬಿಗಿತ ಶೇ. 26 ಹೆಚ್ಚಬೇಕು. ಉದ್ದದ ಗಿಟಾರ್‌ನಲ್ಲೂ ಅಷ್ಟೇ, ಗಿಡ್ಡದರಲ್ಲೂ ಅಷ್ಟೇ. ಆದರೆ ಮೊದಲೇ ಕಮ್ಮಿ ಇರುವ ಬಿಗಿತದ ಶೇ. 26 ಕೂಡ ಕಮ್ಮಿಯೇ, ಅಲ್ವಾ? ಹಾಗಾಗಿ ತಂತಿಯನ್ನು ತಳ್ಳಬೇಕಾದ ದೂರವೂ ಶೇ. 11 ಇಳಿಯುತ್ತದೆ. ತಳ್ಳಲು ಬೇಕಾದ ಬಲ ಇನ್ನೂ ಇಳಿದು, ಉದ್ದದ ಘನದ ಲೆಕ್ಕಕ್ಕೆ ಹೋಗುತ್ತದೆ: ಶೇ. 17 ಕಮ್ಮಿ. ನಟ್‌ನ ಆಚೆ ಉಳಿದ ತಂತಿ, ಬ್ರಿಡ್ಜ್‌ನ ಹಿಂದಿನ ತುಣುಕು, ಘರ್ಷಣೆ ಎಲ್ಲ ಸೇರಿದರೆ ಅಂಕಿ ಸ್ವಲ್ಪ ಆಚೀಚೆ ಆದೀತು. ಆದರೂ ಉದ್ದದಲ್ಲಿ 6, ಬಿಗಿತದಲ್ಲಿ 11, ಬೆಂಡ್‌ನಲ್ಲಿ 17. ಕಣ್ಣಿಗೆ ಕಾಣದ ವ್ಯತ್ಯಾಸವನ್ನು ಬೆರಳು ಹೇಗೆ ಹಿಡಿಯಿತು ಅನ್ನುವುದಕ್ಕೆ ಇದೇ ಉತ್ತರ.

ಬೆರಳು ಚಾಚುವ ಕಷ್ಟ ಇನ್ನೊಂದು. ತೋರುಬೆರಳನ್ನು ಮೊದಲ ಫ್ರೆಟ್ ಹತ್ತಿರ, ಕಿರುಬೆರಳನ್ನು ನಾಲ್ಕನೆಯದರ ಹತ್ತಿರ ಇಡಿ. ಎರಡು ಫ್ರೆಟ್‌ಗಳ ನಡುವಿನ ದೂರ ಸ್ಟ್ರಾಟ್‌ನಲ್ಲಿ 97 ಮಿ.ಮೀ. 24 ಇಂಚಿನಲ್ಲಿ 91.5. ಐದೂವರೆ ಮಿ.ಮೀ. ಏನು ಮಹಾ ಅನ್ನಿಸಬಹುದು. ಆದರೆ ಕಿರುಬೆರಳು ಪೂರ್ತಿ ಚಾಚಿ ನಿಂತಾಗ ಆ ಕೊನೆಯ ಐದು ಮಿ.ಮೀ. ಬರುವುದು ಮಣಿಕಟ್ಟು ತಿರುಚಿಯೇ. ನನ್ನ ಅಂಗೈ ಸಣ್ಣದು. ಮಣಿಕಟ್ಟು ತಿರುಚದೆ ನಾಲ್ಕು ಫ್ರೆಟ್ ಮುಟ್ಟುವುದು ನನಗೆ ದೊಡ್ಡ ಸುಖ.

ಕತ್ತಿನ ಮೇಲೆ ಬ್ರಿಡ್ಜ್ ಕಡೆಗೆ ಹೋದಾಗ ಇದೇ ಲೆಕ್ಕ ತಿರುಗುಬಾಣ ಆಗುತ್ತದೆ. 20 ಮತ್ತು 21ನೇ ಫ್ರೆಟ್ ನಡುವೆ ಸ್ಟ್ರಾಟ್‌ನಲ್ಲಿ 11.5 ಮಿ.ಮೀ. ಜಾಗ ಇದ್ದರೆ ಇಲ್ಲಿ 10.8. ಬೆರಳು ದಪ್ಪ ಇದ್ದವರು ಅಲ್ಲಿ ಪರದಾಡುತ್ತಾರೆ.

ಗಿಡ್ಡ ಸ್ಕೇಲ್ ಅಂದರೆ ಕಲಿಯುವ ಮಕ್ಕಳದ್ದು ಅನ್ನುವ ಅಭಿಪ್ರಾಯ ಗಟ್ಟಿಯಾಗಿ ಕೂತಿದೆ. ಅದಕ್ಕೆ ಕಾರಣವೂ ಇದೆ. ಫೆಂಡರ್ 1956ರಲ್ಲಿ 22.5 ಇಂಚಿನ ಮ್ಯೂಸಿಕ್‌ಮಾಸ್ಟರ್ ಮತ್ತು ಡ್ಯುಯೊ ಸಾನಿಕ್ ತಂದಾಗ, 1964ರಲ್ಲಿ ಮಸ್ಟ್ಯಾಂಗ್ ತಂದಾಗ ಅವನ್ನು ಮಾರಿದ್ದೇ ವಿದ್ಯಾರ್ಥಿಗಳ ಗಿಟಾರ್ ಅಂತ. ಆದರೆ ಅದೇ ಕಾಲದಲ್ಲಿ ಇನ್ನೊಂದು ಕಡೆ ಏನು ನಡೆದಿತ್ತು ನೋಡಿ. 1955ರಲ್ಲಿ ಗಿಬ್ಸನ್ ತಂದ ಬರ್ಡ್‌ಲ್ಯಾಂಡ್‌ನ ಸ್ಕೇಲ್ 23.5 ಇಂಚು. ಅದು ಕಲಿಯುವವರ ಅಗ್ಗದ ಗಿಟಾರ್ ಆಗಿರಲಿಲ್ಲ. ಬಿಲ್ಲಿ ಬರ್ಡ್ ಮತ್ತು ಹ್ಯಾಂಕ್ ಗಾರ್ಲೆಂಡ್ ಅನ್ನುವ ಪಳಗಿದ ಕಲಾವಿದರಿಗಾಗಿ ಮಾಡಿದ್ದು. ಬೀಟಲ್ಸ್‌ನ ಜಾನ್ ಲೆನನ್ 1960ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ರಿಕನ್‌ಬ್ಯಾಕರ್ 325ರ ಸ್ಕೇಲ್ ಇನ್ನೂ ಗಿಡ್ಡ, ಬರೀ 20.75 ಇಂಚು. 1962ರ ಜಾಗ್ವಾರ್ ಫೆಂಡರ್‌ನ ದುಬಾರಿ ಗಿಟಾರ್‌ಗಳಲ್ಲಿ ಒಂದು, ಅದೂ 24 ಇಂಚೇ. ಮಸ್ಟ್ಯಾಂಗ್ ಕೂಡ ಆಮೇಲೆ ನಿರ್ವಾಣ ತಂಡದ ಕರ್ಟ್ ಕೋಬೇನ್‌ನ ಕೈ ಸೇರಿ ವೇದಿಕೆ ಹತ್ತಿತು. ಮಕ್ಕಳದ್ದು ಅನ್ನುವ ಮಾತಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಆದರೆ ಬಿಗಿತ ಕಮ್ಮಿ ಆಗಿದ್ದಕ್ಕೆ ಬೆಲೆ ತೆರಲೇಬೇಕು. ಸ್ವರ ಅಳೆಯುವ ಟ್ಯೂನರ್ ಹಚ್ಚಿ, ದಪ್ಪ ಆರನೇ ತಂತಿಯನ್ನು ಜೋರಾಗಿ ಮೀಟಿ ನೋಡಿ. ಮುಳ್ಳು ಮೊದಲು ಸರಿಯಾದ ಜಾಗ ದಾಟಿ ಮೇಲೆ ಹಾರುತ್ತದೆ, ಆಮೇಲೆ ನಿಧಾನಕ್ಕೆ ಇಳಿದು ಕೂರುತ್ತದೆ. ಜೋರಾಗಿ ಮೀಟಿದಾಗ ತಂತಿ ಅಗಲಕ್ಕೆ ಓಲಾಡುತ್ತದೆ. ಓಲಾಡುವಾಗ ಒಂದಿಷ್ಟು ಹಿಗ್ಗುತ್ತದೆ, ಹಿಗ್ಗಿದರೆ ಬಿಗಿತ ಏರುತ್ತದೆ, ಸ್ವರವೂ ಏರುತ್ತದೆ. ಎಲ್ಲ ಗಿಟಾರ್‌ಗಳಲ್ಲೂ ಇದು ಇದ್ದದ್ದೇ. ಮೂಲ ಬಿಗಿತ ಕಮ್ಮಿ ಇರುವಲ್ಲಿ ಎದ್ದು ಕಾಣುತ್ತದೆ. ಫ್ರೆಟ್ ಮೇಲೆ ಸುಮ್ನೆ ಗಟ್ಟಿಯಾಗಿ ಒತ್ತಿದರೂ ಹಾಗೇ, ಸ್ವರ ಮೇಲೆ ಜಾರುತ್ತದೆ. ಉಡದಂತೆ ಹಿಡಿಯುವ ಅಭ್ಯಾಸ ಇದ್ದವರ ಕಾರ್ಡ್‌ಗಳು ಇಲ್ಲಿ ಅಪಸ್ವರ ಆಗುತ್ತವೆ. ಹಗುರ ಕೈ ಬೇಕು.

ನಾದದ ಬಣ್ಣವೂ ಬದಲಾಗುತ್ತದೆ. ತಂತಿ ಒಂದೇ ಸ್ವರ ಹೊರಡಿಸುವುದಿಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನದ ಉಪಸ್ವರಗಳೂ ಜೊತೆಗೆ ಬರುತ್ತವೆ. ತಂತಿ ನೂಲಿನಂತೆ ಪೂರ್ತಿ ಮೆದುವಾಗಿದ್ದರೆ ಈ ಪಟ್ಟುಗಳು ಕರಾರುವಾಕ್ಕಾಗಿ ಇರುತ್ತಿದ್ದವು. ಉಕ್ಕಿಗೆ ತನ್ನದೇ ಸೆಡವು ಇದೆ, ಅದರಿಂದ ಮೇಲಿನ ಉಪಸ್ವರಗಳು ಇರಬೇಕಾದ ಜಾಗಕ್ಕಿಂತ ಒಂದಿಷ್ಟು ಮೇಲಕ್ಕೆ ಸರಿಯುತ್ತವೆ. ತಂತಿ ಗಿಡ್ಡ ಆದಷ್ಟೂ, ಸಡಿಲ ಆದಷ್ಟೂ ಈ ಸರಿತ ಜಾಸ್ತಿ. ಅದೇ ತಂತಿಯನ್ನು 25.5ರಿಂದ 24 ಇಂಚಿಗೆ ತಂದರೆ ಇದು ಶೇ. 27 ಏರುತ್ತದೆ. ದಪ್ಪ ತಂತಿಗಳನ್ನು ತೆಳು ಒಳತಂತಿಯ ಮೇಲೆ ಇನ್ನೊಂದು ತಂತಿ ಸುತ್ತಿ ಮಾಡುವುದೇ ಈ ಸೆಡವು ತಪ್ಪಿಸಲು. ತೂಕ ಸುತ್ತಿನಿಂದ ಬರುತ್ತದೆ, ಒಳಗಿನದು ತೆಳ್ಳಗೇ ಉಳಿಯುತ್ತದೆ.

ಪಿಕಪ್‌ನದು ಬೇರೆ ಕತೆ. ಅದು ಕಾಂತದ ಸುತ್ತ ಸುತ್ತಿದ ತಾಮ್ರದ ಸುರುಳಿ. ಉಕ್ಕಿನ ತಂತಿ ಮೇಲೆ ಅದುರಿದಾಗ ಕಾಂತಕ್ಷೇತ್ರ ಅಲುಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದು ಇದನ್ನೇ. ತನ್ನ ನೆತ್ತಿಯ ಮೇಲಿನ ತಂತಿ ಹೇಗೆ ಅದುರುತ್ತದೋ ಅಷ್ಟನ್ನು ಮಾತ್ರ ಪಿಕಪ್ ಕೇಳಿಸಿಕೊಳ್ಳುತ್ತದೆ. ತಂತಿಯ ಕಾಲುಭಾಗದ ಜಾಗದಲ್ಲಿ ಇಟ್ಟರೆ ನಾಲ್ಕನೇ ಉಪಸ್ವರ ಅದಕ್ಕೆ ಹೆಚ್ಚುಕಮ್ಮಿ ಕೇಳುವುದೇ ಇಲ್ಲ, ಯಾಕೆಂದರೆ ಆ ಉಪಸ್ವರಕ್ಕೆ ತಂತಿ ಅಲ್ಲಿ ನಿಶ್ಚಲ. ಈಗ ಪಿಕಪ್ ಬ್ರಿಡ್ಜ್‌ನಿಂದ ಅಷ್ಟೇ ದೂರದಲ್ಲಿದ್ದು ತಂತಿ ಗಿಡ್ಡವಾದರೆ, ಪಿಕಪ್ ತಂತಿಯ ನಡುವಿನ ಕಡೆಗೆ ಸರಿದ ಹಾಗಾಯಿತು. ನಡುವಿನ ಕಡೆ ಹೋದಷ್ಟೂ ನಾದ ದುಂಡಗೆ, ಚೂಪು ಕಮ್ಮಿ. ಗಿಡ್ಡ ಗಿಟಾರ್‌ಗೆ ಗುಂಡು ದನಿ ಅನ್ನುವುದರಲ್ಲಿ ಇದರದ್ದೂ ಒಂದು ಪಾಲು.

ಸಡಿಲ ಇಷ್ಟವಾಗದವರು ದಪ್ಪ ತಂತಿ ಹಾಕುತ್ತಾರೆ. 24 ಇಂಚಿನಲ್ಲಿ 0.010ರ ತಂತಿ, ಸ್ಟ್ರಾಟ್‌ನಲ್ಲಿ 0.0094 ಹಾಕಿದಷ್ಟು ಬಿಗಿ. 0.011 ಹಾಕಿದರೆ ಸ್ಟ್ರಾಟ್‌ನ 0.010ಕ್ಕಿಂತಲೂ ಶೇ. 7 ಜಾಸ್ತಿ ಬಿಗಿಯಾಗುತ್ತದೆ. ನನಗೆ ಇದು ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ ಕಾಣುತ್ತದೆ. ಬೇಕಿದ್ದರೆ ಕೆಳಸ್ವರದ ಎರಡು ತಂತಿ ಮಾತ್ರ ದಪ್ಪ ಮಾಡಿಕೊಳ್ಳಬಹುದು. ಬೆಂಡ್ ಮಾಡುವುದು ಬಹುತೇಕ ಸಣ್ಣ ಮೂರು ತಂತಿಗಳಲ್ಲಿ ತಾನೇ.

ಉದ್ದದ ಗಿಟಾರ್ ಈಗಾಗಲೇ ಇದ್ದವರು ಇದನ್ನೆಲ್ಲ ಖರ್ಚಿಲ್ಲದೆ ಪರೀಕ್ಷೆ ಮಾಡಬಹುದು. ಪ್ರತಿ ಫ್ರೆಟ್ ಉಳಿದ ಉದ್ದವನ್ನು ಒಂದೇ ಪ್ರಮಾಣದಲ್ಲಿ ಕಡಿಯುತ್ತದೆ, 1.0595ರಿಂದ ಭಾಗಿಸುತ್ತಾ ಹೋಗುತ್ತದೆ. ಹಾಗಾಗಿ ಯಾವ ಫ್ರೆಟ್ ಅನ್ನೂ ಹೊಸ ನಟ್ ಅಂತ ಇಟ್ಟುಕೊಳ್ಳಬಹುದು. 25.5 ಇಂಚಿನ ಗಿಟಾರ್‌ನ ಮೊದಲ ಫ್ರೆಟ್‌ನಿಂದ ಬ್ರಿಡ್ಜ್‌ಗೆ ಎಷ್ಟು ದೂರ ಗೊತ್ತಾ? 24.07 ಇಂಚು! ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ, ಮೊದಲ ಫ್ರೆಟ್‌ಗೆ ಕೇಪೋ (ಎಲ್ಲ ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಕೇಪೋ ಒತ್ತಿದ್ದಕ್ಕೆ ಸ್ವರ ತುಸು ಏರಿರುತ್ತದೆ, ಇನ್ನೊಮ್ಮೆ ಟ್ಯೂನ್ ಮಾಡಿ. ಬಿಗಿತ, ಫ್ರೆಟ್‌ಗಳ ಅಂತರ, ಪಿಕಪ್‌ನ ಜಾಗ, ಎಲ್ಲವೂ 24 ಇಂಚಿನ ಗಿಟಾರ್‌ನದ್ದೇ. 22.5ರ ಅನುಭವ ಬೇಕಾದರೆ ಪೂರ್ತಿ ಸ್ವರ ಇಳಿಸಿ ಎರಡನೇ ಫ್ರೆಟ್‌ಗೆ ಹಾಕಿ, 22.7ರ ಹತ್ತಿರ ಬರುತ್ತದೆ. ಮೊದಲು ಬ್ಯಾರೆ ಕಾರ್ಡ್ ಹಿಡಿಯಿರಿ, ಆಮೇಲೆ ಎರಡನೇ ತಂತಿಯಲ್ಲಿ ಒಂದು ಪೂರ್ತಿ ಬೆಂಡ್ ಮಾಡಿ, ಕೊನೆಗೆ ಆರನೇ ತಂತಿಯನ್ನು ಜೋರಾಗಿ ಬಾರಿಸಿ. ಮೊದಲೆರಡು ಖುಷಿ ಕೊಟ್ಟು, ಮೂರನೆಯದರ ಗೊಗ್ಗರು ದನಿ ಸಹಿಸಬಹುದು ಅನ್ನಿಸಿದರೆ, ಗಿಡ್ಡ ಗಿಟಾರ್ ಹುಡುಕಲು ಶುರು ಮಾಡಬಹುದು.