ಕ್ಯಾಂಪಲ್ಲೇ ಹುಟ್ಟಿ ಬೆಳೆದವರು ಹೊರಗೆ ಹೋಗಿ ಕೆಲಸ ಯಾಕೆ ಮಾಡುವುದಿಲ್ಲ?

ಓದುಗರ ಪ್ರಶ್ನೆ: ಕೀನ್ಯಾದ ಕಾಕುಮಾ ನಿರಾಶ್ರಿತರ ಶಿಬಿರದಲ್ಲೇ ಹುಟ್ಟಿ, ಅಲ್ಲೇ ಹೈಸ್ಕೂಲು ಮುಗಿಸಿದ ಹುಡುಗ ಹುಡುಗಿಯರ ಬಗ್ಗೆ ಓದಿದೆ. ಇಂಗ್ಲಿಷು, ಸ್ವಾಹಿಲಿ ಎರಡೂ ಬರುತ್ತದಂತೆ. ಹಾಗಿದ್ದ ಮೇಲೆ ನೈರೋಬಿಗೆ ಹೋಗಿ ಏನಾದರೂ ಕೆಲಸ ನೋಡಿಕೊಳ್ಳಬಹುದಲ್ವಾ? ವರ್ಷಗಟ್ಟಲೆ ಶಿಬಿರದಲ್ಲೇ ಯಾಕೆ ಕೂತಿದ್ದಾರೆ?

ಉತ್ತರ: ಹೋಗುವುದಕ್ಕೆ ಬಿಡುವುದಿಲ್ಲ, ಅದಕ್ಕೆ. ಉಳಿದದ್ದೆಲ್ಲ ಈ ಒಂದು ಮಾತಿನ ಹಿಂದೆಯೇ ಬರುತ್ತದೆ. ಅವರು ಏನು ಓದುತ್ತಾರೆ, ಏನಾಗಬೇಕು ಅಂತ ಆಸೆ ಪಡುತ್ತಾರೆ ಅನ್ನುವುದು ಕೂಡ.

ಕಾಕುಮಾ ಇರುವುದು ಕೀನ್ಯಾದ ವಾಯವ್ಯ ಮೂಲೆಯಲ್ಲಿ, ತುರ್ಕಾನಾ ಅನ್ನುವ ಬರಡು ಸೀಮೆಯಲ್ಲಿ. 1992ರಲ್ಲಿ ಸುಡಾನಿನ ಯುದ್ಧದಿಂದ ತಪ್ಪಿಸಿಕೊಂಡು, ಅಪ್ಪ ಅಮ್ಮ ಜೊತೆಗಿಲ್ಲದ ಸಾವಿರಾರು ಹುಡುಗರು ನಡೆದುಕೊಂಡು ಬಂದರು. ಅವರಿಗೆಂದು ಶುರುವಾದ ಜಾಗ ಇದು. ಆಮೇಲೆ ಸೊಮಾಲಿಯಾ, ಇಥಿಯೋಪಿಯಾ, ಕಾಂಗೋ, ಬುರುಂಡಿಯಿಂದ ಜನ ಬರುತ್ತಲೇ ಹೋದರು. ಪಕ್ಕದ ಕಲೊಬೆಯಿ ವಸಾಹತೂ ಸೇರಿದರೆ ಈಗ ಹತ್ತಿರ ಹತ್ತಿರ 3 ಲಕ್ಷ ಜನ. ತಾತ್ಕಾಲಿಕ ಅಂತ ಕಟ್ಟಿದ್ದು. ಅಲ್ಲಿ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿವೆ.

ಕೀನ್ಯಾದಲ್ಲಿ ಹುಟ್ಟಿದವರು ಕೀನ್ಯಾದವರೇ ಅಲ್ವಾ ಅಂತ ನೀವು ಕೇಳಬಹುದು. ಅಲ್ಲ. ಅಲ್ಲಿನ 2010ರ ಸಂವಿಧಾನದ ಪ್ರಕಾರ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಕೀನ್ಯಾದ ಪ್ರಜೆ ಆಗಿರಬೇಕು. ಇದೇನು ಆಫ್ರಿಕಾದ ವಿಚಿತ್ರ ಅಂದುಕೊಳ್ಳಬೇಡಿ. ಭಾರತದಲ್ಲೂ 1987ರ ಜುಲೈ 1ರಿಂದ ಈಚೆಗೆ ಹುಟ್ಟಿದವರಿಗೆ ಬರೀ ಇಲ್ಲಿ ಹುಟ್ಟಿದ್ದು ಸಾಲದು. ಬೈಲುಕುಪ್ಪೆಯ ಟಿಬೆಟನ್ ಹುಡುಗರನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ಬೈಲುಕುಪ್ಪೆಯನ್ನು ಮನಸ್ಸಲ್ಲಿಟ್ಟುಕೊಂಡು ಕಾಕುಮಾ ನೋಡಿದರೆ ಲೆಕ್ಕ ತಪ್ಪುತ್ತದೆ. ಬೈಲುಕುಪ್ಪೆಯವರಿಗೆ ಅರವತ್ತರ ದಶಕದಲ್ಲೇ ಉಳುಮೆಗೆ ಭೂಮಿ ಸಿಕ್ಕಿತು. ಕಾಕುಮಾದಲ್ಲಿ ನಿರಾಶ್ರಿತರು ನಾಲ್ಕು ಆಡು ಸಾಕಿದರೂ ಸುತ್ತಲಿನ ತುರ್ಕಾನಾ ಜನರ ಜೊತೆ ಜಗಳ. ಆ ಜನರ ಬದುಕು ನಿಂತಿರುವುದೇ ದನ, ಆಡು, ಒಂಟೆಗಳ ಮೇಲೆ. ಅವರೂ ಬಡವರೇ. ಹೊರಗಿನಿಂದ ಬಂದವರಿಗೆ ರೇಷನ್ನು, ನಲ್ಲಿ, ಆಸ್ಪತ್ರೆ. ನಮಗೇನು ಅಂತ ಅವರು ಕೇಳಿದರೆ ತಪ್ಪು ಅನ್ನುವುದು ಹೇಗೆ?

ಈಗ ನೈರೋಬಿಯ ವಿಷಯ. ಶಿಬಿರ ಬಿಟ್ಟು ಹೊರಗೆ ಹೋಗಬೇಕಾದರೆ ಸರ್ಕಾರದ ಪಾಸ್ ಬೇಕು. ಆಸ್ಪತ್ರೆ, ಓದು, ಯಾವುದಾದರೂ ಸಂದರ್ಶನ, ಹೀಗೆ ಒಂದು ಕಾರಣ ತೋರಿಸಬೇಕು. ಪಾಸ್‌ಗೆ ಇಂತಿಷ್ಟು ದಿನ ಅಂತ ಗಡುವು ಇರುತ್ತದೆ. ಕೆಲಸ ಹುಡುಕಲು ಹೋಗುತ್ತೇನೆ ಅನ್ನುವುದನ್ನು ಕಾರಣ ಅಂತಲೇ ತೆಗೆದುಕೊಳ್ಳುವುದು ಕಷ್ಟ. ದಾರಿಯಲ್ಲಿ ಪೊಲೀಸ್ ತಪಾಸಣೆ ಇರುತ್ತದೆ. ಪಾಸ್ ಇಲ್ಲದೆ ಸಿಕ್ಕಿಬಿದ್ದರೆ ದಂಡ, ಇಲ್ಲವೇ ಜೈಲು, ಇಲ್ಲವೇ ಜೇಬಲ್ಲಿದ್ದದ್ದನ್ನು ಕೊಟ್ಟು ಬಿಡಿಸಿಕೊಳ್ಳುವುದು. ಆದರೂ ಸಾವಿರಾರು ಜನ ಹೋಗುತ್ತಾರೆ. ನೈರೋಬಿಯ ಈಸ್ಟ್‌ಲೀ ಬಡಾವಣೆಯ ಸೊಮಾಲಿ ಅಂಗಡಿ ಸಾಲುಗಳಲ್ಲಿ ಅಂಥವರು ಎಷ್ಟೋ ಮಂದಿ ಇದ್ದಾರೆ. ಸದಾ ಅಳುಕುತ್ತಲೇ ಇರಬೇಕು, ಅಷ್ಟೇ.

2021ರಲ್ಲಿ ಕೀನ್ಯಾ ಹೊಸ ನಿರಾಶ್ರಿತರ ಕಾಯ್ದೆ ತಂದಿತು. ಓದಿಗೆ, ಅನುಭವಕ್ಕೆ ತಕ್ಕ ಕೆಲಸ ಮಾಡುವ ಹಕ್ಕು ಅದರಲ್ಲಿದೆ. ಕಾಗದದ ಮೇಲೆ ಒಳ್ಳೆಯ ಕಾಯ್ದೆ, ಎರಡು ಮಾತಿಲ್ಲ. ಆದರೆ ಕೆಲಸಕ್ಕೆ ಪರ್ಮಿಟ್ ಬೇಕು. ಪರ್ಮಿಟ್‌ಗೆ ಅರ್ಜಿ ಹಾಕಲು ಕೆಲಸ ಕೊಡುವವರ ಪತ್ರ ಬೇಕು. ಪತ್ರ ಕೊಡುವವರನ್ನು ಹುಡುಕಲು ಊರಿಗೆ ಹೋಗಬೇಕು. ಊರಿಗೆ ಹೋಗಲು ಪಾಸ್ ಬೇಕು. ಸುತ್ತಿ ಸುತ್ತಿ ಅಲ್ಲಿಗೇ ಬಂತು ನೋಡಿ.

ಆದರೆ ನಿಮ್ಮ ಪ್ರಶ್ನೆಯ ಒಂದು ಪದಕ್ಕೆ ನನ್ನ ತಕರಾರಿದೆ. "ಕೂತಿದ್ದಾರೆ" ಅನ್ನುವುದಕ್ಕೆ. ವಿಶ್ವ ಬ್ಯಾಂಕ್ ಗುಂಪಿನ ಐಎಫ್‌ಸಿ 2018ರಲ್ಲಿ ಕಾಕುಮಾದ ವ್ಯಾಪಾರವನ್ನು ಲೆಕ್ಕ ಹಾಕಿತು. ಶಿಬಿರ ಮತ್ತು ಪಕ್ಕದ ಊರು ಸೇರಿ ಎರಡು ಸಾವಿರಕ್ಕೂ ಜಾಸ್ತಿ ಅಂಗಡಿ, ವರ್ಷಕ್ಕೆ ಸುಮಾರು 5.6 ಕೋಟಿ ಡಾಲರ್ ವಹಿವಾಟು. ಇಥಿಯೋಪಿಯನ್ನರ ಕಾಫಿ, ಇಂಜೆರಾ ಹೋಟೆಲು. ಸೊಮಾಲಿಗಳ ಬಟ್ಟೆ, ದಿನಸಿ ಅಂಗಡಿ. ಮೊಬೈಲ್ ರಿಪೇರಿ, ಕ್ಷೌರ, ಜನರೇಟರ್ ಇಟ್ಟುಕೊಂಡು ಅಕ್ಕಪಕ್ಕದ ಮನೆಗಳಿಗೆ ಕರೆಂಟ್ ಮಾರುವವರು. ಬೈಕ್ ಹಿಂದೆ ಜನರನ್ನು ಕೂರಿಸಿಕೊಂಡು ಓಡಾಡುವ ಬೋಡಾಬೋಡಾ ಹುಡುಗರು. ತಗಡಿನ ಶೆಡ್ಡಿನಲ್ಲಿ ಟಿವಿ ಇಟ್ಟು, ಬಾಗಿಲಲ್ಲಿ ಚಿಲ್ಲರೆ ತೆಗೆದುಕೊಂಡು ಇಂಗ್ಲಿಷ್ ಫುಟ್‌ಬಾಲ್ ತೋರಿಸುವವರು. ಸೋಮಾರಿಗಳ ಊರಲ್ಲ ಅದು.

ಈ ವ್ಯಾಪಾರದ ಒಳಗುಟ್ಟು ಒಂದಿದೆ. 2015ರಿಂದ ವಿಶ್ವ ಆಹಾರ ಕಾರ್ಯಕ್ರಮದವರು ರೇಷನ್ನಿನ ಒಂದು ಪಾಲನ್ನು ಮೊಬೈಲ್ ಹಣವಾಗಿ ಕೊಡಲು ಶುರು ಮಾಡಿದರು. ಬಾಂಬಾ ಚಾಕುಲಾ ಅಂತ ಅದರ ಹೆಸರು. ತಿಂಗಳಿಗೊಮ್ಮೆ ಫೋನಿಗೆ ಸಂದೇಶ ಬರುತ್ತದೆ. ಗೊತ್ತುಮಾಡಿದ ಅಂಗಡಿಗೆ ಹೋಗಿ ಹಿಟ್ಟು, ಬೇಳೆ, ಎಣ್ಣೆ ತರಬೇಕು. ಆದರೆ ತಿಂಗಳ ಹಣ ತಿಂಗಳಿಗೆ ಸಾಲುವುದಿಲ್ಲ. ಮಧ್ಯದಲ್ಲೇ ಸಾಲ ಹೇಳಬೇಕಾಗುತ್ತದೆ. ಆಗ ಎಷ್ಟೋ ಮನೆಯವರು ಹಣ ಬರುವ ಸಿಮ್ಮನ್ನೋ ಕಾರ್ಡನ್ನೋ ಅಂಗಡಿಯವನ ಹತ್ತಿರವೇ ಒತ್ತೆ ಇಡುತ್ತಾರೆ. ಮುಂದಿನ ತಿಂಗಳ ಹಣ ನೇರ ಅವನ ಕೈಗೆ. ಮತ್ತೆ ಸಾಲ. ಈ ಮನೆಯಲ್ಲಿ ದುಡಿಯುವ ಕೈ ಅಂದರೆ ಹದಿನೆಂಟು, ಇಪ್ಪತ್ತರ ಹುಡುಗನದ್ದೋ ಹುಡುಗಿಯದ್ದೋ. ಆ ಕೈಗೆ ಸಿಗುವ ಕೆಲಸ ಯಾವುದು?

ಹೆಚ್ಚಾಗಿ ಸಿಗುವುದು "ಇನ್ಸೆಂಟಿವ್" ಕೆಲಸ. ಶಿಬಿರದ ಶಾಲೆ, ಆಸ್ಪತ್ರೆ, ಸಂಸ್ಥೆಗಳಲ್ಲಿ ನಿರಾಶ್ರಿತರಿಗೆ ಸಂಬಳ ಅನ್ನುವುದಿಲ್ಲ, ಪ್ರೋತ್ಸಾಹಧನ ಅನ್ನುತ್ತಾರೆ. ಪಕ್ಕದ ಕ್ಲಾಸಿನಲ್ಲಿ ಪಾಠ ಮಾಡುವ ಕೀನ್ಯಾದ ಮೇಷ್ಟ್ರಿಗೆ ಬರುವುದು ಇದರ ಹಲವು ಪಟ್ಟು. ಹೋದ ವರ್ಷ ಫಾರಂ ಫೋರ್, ಅಂದರೆ ನಮ್ಮ ಪಿಯುಸಿಯಂಥದ್ದು, ಮುಗಿಸಿದ ಹುಡುಗಿ ಈ ವರ್ಷ ಪ್ರೈಮರಿ ಶಾಲೆಯಲ್ಲಿ ಟೀಚರ್. ತರಬೇತಿ ಇಲ್ಲ. ಎದುರಿಗೆ ನೂರಕ್ಕೂ ಜಾಸ್ತಿ ಮಕ್ಕಳು, ಬೆಂಚಿಗೆ ನಾಲ್ಕೈದು ಜನ, ಉಳಿದವರು ನೆಲದ ಮೇಲೆ. ಅವಳ ಅಪ್ಪನ ಕಾಲದಲ್ಲಿ ಅವರಿಗೂ ಪಾಠ ಹೇಳಿದವರು ಇಂಥ ಒಬ್ಬ ಇನ್ಸೆಂಟಿವ್ ಮೇಷ್ಟ್ರೇ ಇದ್ದಿರಬಹುದು.

ಇನ್ನು ಕನಸಿನ ಮಾತು. ನನಗೆ ಅನ್ನಿಸುವುದೇನೆಂದರೆ, ಯಾವ ಬಾಗಿಲು ತೆರೆದಿದೆಯೋ ಅದರ ಅಳತೆಗೆ ಅವರ ಕನಸು ಹೊಂದಿಕೊಂಡಿರುತ್ತದೆ. ಕಾಕುಮಾದಲ್ಲಿ ಚೆನ್ನಾಗಿ ಓದುವ ಮಕ್ಕಳ ಬಾಯಲ್ಲಿ ಬರುವ ಹೆಸರು ವುಸ್ಕ್. ಕೆನಡಾದ ಸಂಸ್ಥೆ ಅದು. 1978ರಿಂದ ನಿರಾಶ್ರಿತ ವಿದ್ಯಾರ್ಥಿಗಳನ್ನು ಆರಿಸಿ ಅಲ್ಲಿನ ಕಾಲೇಜುಗಳಿಗೆ ಕರೆಸಿಕೊಳ್ಳುತ್ತದೆ. ಹೋದವರಿಗೆ ಅಲ್ಲೇ ಕಾಯಂ ಇರುವ ಹಕ್ಕೂ ಸಿಗುತ್ತದೆ. ಖರ್ಚಿನಲ್ಲಿ ಒಂದು ಭಾಗವನ್ನು ಕೆನಡಾದ ವಿದ್ಯಾರ್ಥಿಗಳೇ ತಮ್ಮ ಫೀಸಿನ ಜೊತೆ ಒಂದಿಷ್ಟು ಸೇರಿಸಿ ಭರಿಸುತ್ತಾರೆ. ನನಗೆ ತುಂಬಾ ಹಿಡಿಸಿದ ಏರ್ಪಾಡು. ಆದರೆ ಸೀಟುಗಳು ಬೆರಳೆಣಿಕೆ. ಎಲ್ಲ ಶಿಬಿರ, ಎಲ್ಲ ದೇಶ ಸೇರಿಸಿದರೂ ವರ್ಷಕ್ಕೆ ನೂರರ ಲೆಕ್ಕ. ಜರ್ಮನಿಯ ನೆರವಿನ ಡಾಫಿ ವಿದ್ಯಾರ್ಥಿವೇತನವೂ ಇದೆ, ಅದರಲ್ಲಿ ಕೀನ್ಯಾದ ಕಾಲೇಜುಗಳಲ್ಲೇ ಓದಬಹುದು. ಅದಕ್ಕೂ ಅಷ್ಟೇ ನೂಕುನುಗ್ಗಲು. ಹುಡುಗಿಯರಂತೂ ಅಲ್ಲಿಯವರೆಗೆ ಬರುವುದೇ ಕಡಿಮೆ. ನೀರಿನ ಸಾಲು, ಮನೆಯ ಚಿಕ್ಕ ಮಕ್ಕಳು, ಬೇಗ ಮದುವೆ. ಹೈಸ್ಕೂಲಿನ ತರಗತಿ ಏರಿದಂತೆ ಅವರ ಸಂಖ್ಯೆ ಇಳಿಯುತ್ತದೆ.

ಇನ್ನೊಂದು ಬಾಗಿಲು ಓಟದ್ದು. 2015ರಲ್ಲಿ ಕೀನ್ಯಾದ ಹೆಸರಾಂತ ಓಟಗಾರ್ತಿ ಟೆಗ್ಲಾ ಲೊರುಪೆ ಅವರ ಪ್ರತಿಷ್ಠಾನದವರು ಕಾಕುಮಾದಲ್ಲಿ ಆಯ್ಕೆ ಓಟ ಇಟ್ಟರು. ರೋಸ್ ಲೊಕೊನ್ಯೆನ್ ಬರಿಗಾಲಲ್ಲೇ ಓಡಿ ಎರಡನೆಯವಳಾಗಿ ಬಂದಳು. ಮಾರನೇ ವರ್ಷ ರಿಯೋ ಒಲಿಂಪಿಕ್ಸ್‌ನಲ್ಲಿ ಮೊಟ್ಟಮೊದಲ ನಿರಾಶ್ರಿತರ ತಂಡದ ಬಾವುಟ ಹಿಡಿದು ನಡೆದದ್ದು ಅವಳೇ. ಆ ಹತ್ತು ಜನರ ತಂಡದಲ್ಲಿ ಐವರು ದಕ್ಷಿಣ ಸುಡಾನಿನ ಓಟಗಾರರು. ಅವರಲ್ಲಿ ಒಬ್ಬನಾದ ಯಿಯೆಚ್ ಪುರ್ ಬಿಯೆಲ್ 2022ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯನೂ ಆದ.

ಇಂಥ ಕಥೆ ಓದಿ ನಾವು ಸಂಭ್ರಮಪಡುತ್ತೇವೆ, ಪಡೋಣ. ಆದರೆ ಕಾಕುಮಾದಲ್ಲಿ ಹುಟ್ಟಿ ಹೆಸರು ಮಾಡಿದ ಇನ್ನಿಬ್ಬರನ್ನು ನೋಡಿ. ಮಾಡೆಲ್ ಹಲೀಮಾ ಏಡನ್ ಚಿಕ್ಕ ವಯಸ್ಸಿನಲ್ಲೇ ಅಮೆರಿಕ ಸೇರಿದಳು. ಫುಟ್‌ಬಾಲ್ ಆಟಗಾರ ಆವರ್ ಮಾಬಿಲ್ ಹತ್ತರ ಪ್ರಾಯದಲ್ಲಿ ಆಸ್ಟ್ರೇಲಿಯಾ ಸೇರಿದ. 2022ರ ವಿಶ್ವಕಪ್‌ಗೆ ಆ ದೇಶ ಅರ್ಹತೆ ಪಡೆದ ಪಂದ್ಯದಲ್ಲಿ ಪೆರು ವಿರುದ್ಧ ಶೂಟೌಟ್‌ನಲ್ಲಿ ಗೋಲು ಹೊಡೆದ. ಅವರ ಓರಗೆಯ ಮಕ್ಕಳು ಅಲ್ಲೇ ಉಳಿದರು. ಅವರಲ್ಲಿ ಪ್ರತಿಭೆ ಇರಲಿಲ್ಲ ಅಂತ ಯಾರು ಹೇಳುತ್ತಾರೆ?

ಹೀಗೆ ಬೇರೆ ದೇಶಕ್ಕೆ ಕಳಿಸುವ ಪುನರ್ವಸತಿ ಸಿಗುವುದು ಜಗತ್ತಿನ ನಿರಾಶ್ರಿತರಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲ. ಸಂದರ್ಶನ, ವೈದ್ಯಕೀಯ ಪರೀಕ್ಷೆ, ಮತ್ತೆ ಸಂದರ್ಶನ, ವರ್ಷಗಟ್ಟಲೆ ಕಾಯುವುದು. "ನಮ್ಮ ಕೇಸು ಎಲ್ಲಿಗೆ ಬಂತು" ಅನ್ನುವುದು ಮನೆಮನೆಯ ಮಾತು. 2025ರ ಜನವರಿಯಲ್ಲಿ ಅಮೆರಿಕ ನಿರಾಶ್ರಿತರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿತು. ವಿಮಾನದ ದಿನ ಗೊತ್ತಾಗಿದ್ದವರ ಪ್ರಯಾಣವೂ ರದ್ದು.

ಅದೇ ವರ್ಷ ದಾನಿ ದೇಶಗಳ ಹಣ ಇಳಿದು ರೇಷನ್ನೂ ಇಳಿಯುತ್ತಾ ಹೋಯಿತು, ವರ್ಷದ ಮಧ್ಯದ ಹೊತ್ತಿಗೆ ಪೂರ್ತಿ ಪಾಲಿನ ಮೂರನೇ ಒಂದಕ್ಕಿಂತ ಕಡಿಮೆಯಾಯಿತು. ಮಾರ್ಚ್‌ನಲ್ಲೇ ಜನ ಬೀದಿಗಿಳಿದಿದ್ದರು. ಅದೇ ತಿಂಗಳು ಕೀನ್ಯಾ ಸರ್ಕಾರ ಶಿರಿಕಾ ಯೋಜನೆ ಘೋಷಿಸಿತು. ಕಾಕುಮಾ, ದಡಾಬ್ ಶಿಬಿರಗಳನ್ನು ನಿಧಾನಕ್ಕೆ ಮಾಮೂಲಿ ಊರುಗಳಾಗಿ ಮಾಡುವುದು, ನಿರಾಶ್ರಿತರು ತಮ್ಮ ಕಾಲ ಮೇಲೆ ತಾವೇ ನಿಲ್ಲುವಂತೆ ಮಾಡುವುದು ಅದರ ಗುರಿ. ಆಗಸ್ಟ್‌ನಿಂದ ಆಹಾರದ ನೆರವಿಗೂ ಮನೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ತೀರಾ ಬಡವರು ಮೊದಲ ವರ್ಗ. ದುಡಿದು ತಿನ್ನುವ ಶಕ್ತಿ ಇದೆ ಅಂತ ಲೆಕ್ಕ ಹಾಕಿದ ಮನೆಗಳು ನಾಲ್ಕನೆಯದು. ಅವರಿಗೆ ರೇಷನ್ನಿಲ್ಲ. ದುಡಿಯಲು ನೈರೋಬಿಗೆ ಹೊರಟರೆ ಪಾಸ್ ಮಾತ್ರ ಈಗಲೂ ಬೇಕು.